ಶ್ವಾಸನಾಳದ ಬೇನೆ, ವಂಶವಾಹಿಯ ಶೋಧ ಮತ್ತು ಕೇಳುವವರ ಮಾತು

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳ ಕಿವಿಗೆ ಕಲ್ಕತ್ತೆಯ ಖಿದಿರ್‌ಪುರವೆಂಬ ಹೆಸರು ಬಿದ್ದಿದ್ದರೆ ಅದು ಬಹುಮಟ್ಟಿಗೆ ಮೈಕೇಲ್ ಮಧುಸೂದನ ದತ್ತನ ಮೂಲಕವೇ ಇರಬೇಕು. ಬಂಗಾಳಿಯಲ್ಲಿ ಪ್ರಾಸಮುಕ್ತ ಛಂದಸ್ಸನ್ನು ನೆಲೆಗೊಳಿಸಿ, 1861ರಲ್ಲಿ ‘ಮೇಘನಾದವಧ ಕಾವ್ಯ’ವನ್ನು ಹೊರತಂದ ಆ ಕವಿಯ ತಂದೆಯ ಮನೆ ಖಿದಿರ್‌ಪುರದಲ್ಲಿತ್ತು. ರಂಗಲಾಲ ಬಂದ್ಯೋಪಾಧ್ಯಾಯ, ಹೇಮಚಂದ್ರ ಬಂದ್ಯೋಪಾಧ್ಯಾಯ ಇವರೂ ಅದೇ ನೆರೆಯಲ್ಲಿ ಬಾಳಿದವರಾದ್ದರಿಂದ ಅಲ್ಲಿನ ಒಂದು ಭಾಗಕ್ಕೆ ‘ಕವಿತೀರ್ಥ’ ಎಂಬ ಹೆಸರೇ ನಿಂತಿದೆ. ಮಧುಸೂದನ ತೀರಿಕೊಂಡದ್ದು 1873ರಲ್ಲಿ. ಅದಾದ ಹತ್ತೊಂಬತ್ತು ವರ್ಷಗಳಿಗೆ, 1892ರಲ್ಲಿ, ಅದೇ ಖಿದಿರ್‌ಪುರದಲ್ಲಿ ಹೂಗ್ಲಿಯ ನೀರನ್ನು ಒಳಗೆ ಬರಮಾಡಿಕೊಳ್ಳುವ ಹಡಗುಕಟ್ಟೆ ತೆರೆಯಿತು. ಕವಿತೀರ್ಥವು ಕಲ್ಲಿದ್ದಲು, ಧಾನ್ಯ, ಸೆಣಬುಗಳ ದೂಳನ್ನು ಉಸಿರಾಡುವ ಊರಾಯಿತು.

ಈ ಊರಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಕಲ್ಕತ್ತೆಯಲ್ಲಿ ಮೊದಲ ವಿದ್ಯುತ್ ಟ್ರಾಮು ಓಡಿದ್ದು 1902ರ ಮಾರ್ಚ್ 27ರಂದು, ಎಸ್‌ಪ್ಲನೇಡಿನಿಂದ ಖಿದಿರ್‌ಪುರಕ್ಕೆ. ಹೊಗೆಯಿಲ್ಲದ ವಾಹನವು ಆ ಮಹಾನಗರದಲ್ಲಿ ಮೊದಲು ಕಂಡ ಗಮ್ಯ ಖಿದಿರ್‌ಪುರವೇ. 2020ರ ಮೇ ತಿಂಗಳ ಅಂಫನ್ ಚಂಡಮಾರುತದ ಬಳಿಕ ಆ ಮಾರ್ಗದ ಸಂಚಾರ ನಿಂತುಹೋಯಿತು. ಹಡಗುಕಟ್ಟೆಗೆ ಹೋಗಿಬರುವ ಡೀಸೆಲ್ ಲಾರಿಗಳು ಉಳಿದವು. ಚಳಿಗಾಲದಲ್ಲಿ ಮೇಲಿನ ಗಾಳಿ ಬೆಚ್ಚಗೂ ನೆಲದ ಗಾಳಿ ತಣ್ಣಗೂ ಇದ್ದು, ಹೊಗೆ ಮೇಲೇರದೆ ಗಲ್ಲಿಗಳಲ್ಲಿಯೇ ಮಡುಗಟ್ಟುವ ತಿಂಗಳುಗಳಲ್ಲಿ ಅಲ್ಲಿ ಕೆಮ್ಮು ಎಂಬುದು ಒಂದು ಋತುವಿನ ಲಕ್ಷಣವೇ ಆಗಿಬಿಡುತ್ತದೆ.

ಆದರೆ ಈ ಬರಹಕ್ಕೆ ಖಿದಿರ್‌ಪುರ ಮುಖ್ಯವಾಗುವುದು ಅದರ ಹೊಗೆಗಿಂತ ಹೆಚ್ಚಾಗಿ ಅದರ ಮಾತುಗಳಿಗಾಗಿ. ಹಡಗುಕಟ್ಟೆಯ ಕೂಲಿಗಾಗಿ ಬಿಹಾರದಿಂದ, ಉತ್ತರಪ್ರದೇಶದಿಂದ, ಒಡಿಶಾದಿಂದ ಬಂದವರು ತಲೆಮಾರುಗಳಿಂದ ನೆಲಸಿರುವ ಜಾಗವದು. ಬಂಗಾಳಿ, ಉರ್ದು, ಹಿಂದಿ, ಭೋಜಪುರಿ, ಒಡಿಯಾ ಇವೆಲ್ಲ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಉಸಿರು ಕಟ್ಟುವ ಬೇನೆಗೆ ಬಂಗಾಳಿಯವನು ‘ಹಾಂಪಾನಿ’ ಎನ್ನುತ್ತಾನೆ. ಅವನ ನೆರೆಯ ಉರ್ದು ಮಾತಿನವನು ‘ದಮಾ’ ಎನ್ನುತ್ತಾನೆ. ಎರಡನೆಯ ಪದ ಕನ್ನಡಿಗರಿಗೆ ಅಪರಿಚಿತವಲ್ಲ. ಉಸಿರು ಎಂಬರ್ಥದ ಪಾರಸಿ ‘ದಮ್’ ಎಂಬುದೇ ಕಲಬುರಗಿ, ವಿಜಯಪುರಗಳ ಕಡೆ ‘ದಮ್ಮು’ ಎಂದಾಗಿದೆ. ಈ ಪದಗಳು ಒಂದೇ ಬೇನೆಯನ್ನು ಹೇಳುತ್ತವೆಯೇ? ಹೇಳದೆ ಹೋದರೆ ಏನಾಗುತ್ತದೆ? ಮೇಲ್ನೋಟಕ್ಕೆ ನಿಘಂಟುಕಾರರ ಕುತೂಹಲವೆಂದು ತೋರುವ ಈ ಪ್ರಶ್ನೆಯ ಮೇಲೆ ಶ್ವಾಸನಾಳದ ರೋಗಗಳನ್ನು ಕುರಿತ ಅಣುಮಟ್ಟದ ಸಂಶೋಧನೆಯ ಒಂದು ದೊಡ್ಡ ಭಾಗವೇ ನಿಂತಿದೆ. ಕನ್ನಡ ವಿಭಾಗಗಳು ಇದನ್ನು ತಮ್ಮ ವಿಷಯವೆಂದು ಭಾವಿಸದಿರುವುದು ಸರಿಯಲ್ಲ.

ಬ್ರಾಂಕೈಟಿಸ್ ಎಂಬ ಹೆಸರನ್ನು ವೈದ್ಯಗ್ರಂಥಕ್ಕೆ ತಂದವನು ಚಾರ್ಲ್ಸ್ ಬ್ಯಾಡಮ್ ಎಂಬ ಆಂಗ್ಲ ವೈದ್ಯ, 1808ರಲ್ಲಿ. ಕನ್ನಡದಲ್ಲಿ ಅದನ್ನು ಶ್ವಾಸನಾಳದ ಉರಿಯೂತ ಎಂದು ಕರೆಯುವುದು ರೂಢಿ. ಇದರಲ್ಲಿ ನೆಗಡಿಯ ಬೆನ್ನಿಗೆ ಬಂದು ಕೆಲವು ವಾರಗಳಲ್ಲಿ ಹೋಗುವುದು ಒಂದು ಬಗೆ. ವರ್ಷಗಟ್ಟಲೆ ಕಾಡುವುದು ಇನ್ನೊಂದು ಬಗೆ. ಎರಡನೆಯದೇ ಇಲ್ಲಿ ಪ್ರಸ್ತುತ. ಶ್ವಾಸನಾಳದ ಒಳಗೋಡೆಯಲ್ಲಿ ಲೋಳೆಯನ್ನು ಸ್ರವಿಸುವ ಗ್ರಂಥಿಗಳಿವೆ. ಲೋಳೆಯನ್ನು ಮೇಲಕ್ಕೆ ಸಾಗಿಸುವ ಸೂಕ್ಷ್ಮವಾದ ರೋಮಗಳಿವೆ. ಹೊಗೆ, ದೂಳುಗಳು ದೀರ್ಘಕಾಲ ತಾಕಿದರೆ ಗ್ರಂಥಿಗಳು ಹಿಗ್ಗುತ್ತವೆ, ರೋಮಗಳು ಸೋಲುತ್ತವೆ, ಲೋಳೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕೆಮ್ಮು ಅದನ್ನು ಹೊರಹಾಕಲು ದೇಹ ಮಾಡುವ ಪ್ರಯತ್ನ.

ಈ ಬೇನೆಯ ಆಧುನಿಕ ಲಕ್ಷಣನಿರೂಪಣೆಯು ಲಂಡನ್ನಿನ ಹೊಗೆಯಲ್ಲಿ ಹುಟ್ಟಿತೆಂದರೆ ತಪ್ಪಾಗದು. 1952ರ ಡಿಸೆಂಬರ್ 5ರಿಂದ 9ರವರೆಗೆ ಆ ನಗರವನ್ನು ಕವಿದ ಹೊಗೆಮಂಜಿನಿಂದ ಸುಮಾರು 4000 ಮಂದಿ ಸತ್ತರೆಂದು ಆಗಿನ ಅಂದಾಜು. ಆ ದಶಕದಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯು ಈ ರೋಗವನ್ನು ಎಣಿಸುವ ಬಗೆಯನ್ನು ಕಂಡುಕೊಳ್ಳಲು ತೊಡಗಿ, 1960ರಲ್ಲಿ ಒಂದು ಪ್ರಶ್ನಾವಳಿಯನ್ನು ರೂಪಿಸಿತು. ಸತತ ಎರಡು ವರ್ಷಗಳಲ್ಲಿ, ಪ್ರತಿವರ್ಷವೂ ಕನಿಷ್ಠ ಮೂರು ತಿಂಗಳು, ಹೆಚ್ಚಿನ ದಿನಗಳಲ್ಲಿ ಕಫದೊಡನೆ ಕೆಮ್ಮಿರಬೇಕು. ಅದಕ್ಕೆ ಬೇರೆ ಕಾರಣವಿರಬಾರದು. ದೀರ್ಘಕಾಲಿಕ ಬ್ರಾಂಕೈಟಿಸ್ ಎಂದರೆ ಇಷ್ಟೇ. ಇದರಲ್ಲಿ ರಕ್ತಪರೀಕ್ಷೆಯಿಲ್ಲ, ಕ್ಷಕಿರಣದ ಚಿತ್ರವಿಲ್ಲ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ. ಕೇಳುವವರು ಅಚ್ಚಾದ ಮಾತನ್ನು ಇದ್ದದ್ದು ಇದ್ದಂತೆಯೇ ಕೇಳಬೇಕು, ನುಂಗಿದ ಕಫವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಮೂಗಿನಿಂದ ಇಳಿದದ್ದನ್ನು ಬಿಡಬೇಕು ಎಂಬ ಸೂಚನೆಗಳೂ ಆ ಪ್ರಶ್ನಾವಳಿಗೆ ಸೇರಿದ್ದವು. ಚಳಿಗಾಲದ ಮುಂಜಾನೆ ಎದ್ದೊಡನೆ ಕೆಮ್ಮು ಬರುವುದುಂಟೇ ಎಂಬುದು ಅದರ ಮೊದಲ ವಿಚಾರಣೆ. ಇಂಗ್ಲೆಂಡಿನ ಚಳಿಗಾಲವು ಪ್ರಶ್ನೆಯ ಒಳಗೇ ಕುಳಿತಿತ್ತು.

ರೋಗವನ್ನು ಮಾತಿನಿಂದ ಗುರುತಿಸುವ ಈ ಬಗೆಯ ಎದುರಿಗೆ, ಅಣುಮಟ್ಟದ ಸಂಶೋಧನೆಯು ಮಾತಿನ ಹಂಗಿಲ್ಲದ ದಾರಿಯೊಂದನ್ನು ತೋರಿಸಿತು. 1963ರಲ್ಲಿ ಸ್ವೀಡನ್ನಿನ ಕಾರ್ಲ್-ಬರ್ಟಿಲ್ ಲಾರೆಲ್ ಮತ್ತು ಸ್ಟೆನ್ ಎರಿಕ್ಸನ್ ಪ್ರಕಟಿಸಿದ ಸಂಗತಿ ಇಂಥದು. ಲಾರೆಲ್ ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸಿದ ಸುಮಾರು 1500 ಪಟ್ಟಿಗಳನ್ನು ನೋಡುತ್ತಿದ್ದಾಗ ಐದರಲ್ಲಿ ಒಂದು ಗೆರೆಯೇ ಇರಲಿಲ್ಲ. ಆ ಐವರಲ್ಲಿ ಮೂವರ ಶ್ವಾಸಕೋಶಗಳು ಚಿಕ್ಕವಯಸ್ಸಿಗೇ ಸವೆದು ಹಿಗ್ಗಿದ್ದವು. ಇಲ್ಲದ ಗೆರೆ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ರಕ್ಷಕ ಪ್ರೋಟೀನಿನದು. ಬಿಳಿಯ ರಕ್ತಕಣಗಳು ಸೂಸುವ ಕಿಣ್ವವು ಶ್ವಾಸಕೋಶದ ಅಂಗಾಂಶವನ್ನೇ ಕರಗಿಸದಂತೆ ಅದು ತಡೆಯುತ್ತದೆ. 14ನೆಯ ವರ್ಣತಂತುವಿನಲ್ಲಿ ಒಂದು ಅಕ್ಷರ ಬದಲಾದರೆ ಈ ರಕ್ಷಣೆ ಕುಸಿಯುತ್ತದೆ. ಇಪ್ಪತ್ತಾರು ವರ್ಷಗಳ ಬಳಿಕ, 1989ರಲ್ಲಿ, ಲ್ಯಾಪ್-ಚೀ ಸ್ಯುಯಿ, ಜಾನ್ ರಿಯರ್ಡನ್, ಫ್ರಾನ್ಸಿಸ್ ಕಾಲಿನ್ಸ್ ಮತ್ತು ಅವರ ಸಂಗಡಿಗರು 7ನೆಯ ವರ್ಣತಂತುವಿನಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ರೋಗದ ಜೀನನ್ನು ಗುರುತಿಸಿದರು. ಶ್ವಾಸನಾಳದ ಲೋಳೆಗೆ ಲವಣ, ನೀರುಗಳನ್ನು ಒದಗಿಸುವ ಬಾಗಿಲು ಅದು. ಹುಟ್ಟಿನಿಂದ ಆ ಜೀನು ಸರಿಯಾಗಿರುವವರಲ್ಲೂ ತಂಬಾಕಿನ ಹೊಗೆಯು ಅದೇ ಬಾಗಿಲನ್ನು ಮಂದಗೊಳಿಸುತ್ತದೆಂಬುದು ಆಮೇಲಿನ ತಿಳಿವಳಿಕೆ.

ಇವೆರಡೂ ಒಂದು ಜೀನು, ಒಂದು ರೋಗ ಎಂಬ ಸರಳ ಕಥೆಗಳು. ಆಲ್ಫಾ-1 ಕೊರತೆ ಉತ್ತರ ಯುರೋಪಿನ ಮೂಲದವರಲ್ಲಿ ಕಾಣುವಷ್ಟು ಭಾರತೀಯರಲ್ಲಿ ಕಾಣುವುದಿಲ್ಲ. ಖಿದಿರ್‌ಪುರದ ಕೂಲಿಯ ಕೆಮ್ಮಿಗೂ ಮೈಸೂರು ಸೀಮೆಯ ರೈತಗಿತ್ತಿಯ ಕೆಮ್ಮಿಗೂ ಒಂದೊಂದೇ ಜೀನು ಕಾರಣವಲ್ಲ. ಅಂಥ ರೋಗದಲ್ಲಿ ನೂರಾರು ಜೀನುಗಳ ಪಾಲು ಇಷ್ಟಿಷ್ಟೇ ಇರುತ್ತದೆ; ಅವನ್ನು ಹುಡುಕಲು ಲಕ್ಷಾಂತರ ಜನರನ್ನು ರೋಗವುಳ್ಳವರು, ಇಲ್ಲದವರು ಎಂದು ಎರಡು ಸಾಲಾಗಿ ನಿಲ್ಲಿಸಿ ಹೋಲಿಸಬೇಕಾಗುತ್ತದೆ. ಶ್ವಾಸಮಾರ್ಗವನ್ನು ಶಾಶ್ವತವಾಗಿ ಕಿರಿದಾಗಿಸುವ ರೋಗದ ಬಗ್ಗೆ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನವು 35,735 ರೋಗಿಗಳನ್ನೂ 2,22,076 ಮಂದಿ ಇತರರನ್ನೂ ಹೋಲಿಸಿ 82 ನೆಲೆಗಳನ್ನು ಗುರುತಿಸಿತು. ಆ ಜನರಲ್ಲಿ ಬಹುಪಾಲು ಯುರೋಪಿನ ಮೂಲದವರು. ಇಂಥ ಶೋಧಗಳಲ್ಲಿ 15ನೆಯ ವರ್ಣತಂತುವಿನ ಒಂದು ನೆಲೆ ಮತ್ತೆ ಮತ್ತೆ ಎದುರಾಗುತ್ತದೆ. ಅಲ್ಲಿರುವುದು ನಿಕೋಟಿನನ್ನು ಹಿಡಿದುಕೊಳ್ಳುವ ಗ್ರಾಹಕಗಳ ಜೀನುಗಳು. ಅವು ಶ್ವಾಸಕೋಶವನ್ನು ನೇರವಾಗಿ ಕೆಡಿಸುತ್ತವೆಯೋ, ಹೆಚ್ಚು ಸಿಗರೇಟು ಸೇದುವಂತೆ ಮಾಡಿ ಕೆಡಿಸುತ್ತವೆಯೋ ಎಂಬುದು ವಿದ್ವಾಂಸರ ನಡುವೆ ದೀರ್ಘ ಚರ್ಚೆಯ ವಿಷಯ. ಬೀಡಿಯನ್ನೇ ಮುಟ್ಟದೆ, ನಲವತ್ತು ವರ್ಷ ಬೆರಣಿಯ ಒಲೆಯ ಮುಂದೆ ಕುಳಿತ ಹೆಂಗಸಿಗೆ ಆ ಜೀನು ಏನು ಹೇಳೀತು? ಅವಳ ವಿಷಯದಲ್ಲಿ ಯುರೋಪಿನ ಪಟ್ಟಿ ಬಹುಮಟ್ಟಿಗೆ ಮೌನವಾಗಿದೆ.

ಹೀಗಿರುವಲ್ಲಿ ಆ ಪಟ್ಟಿಯನ್ನು ಇಲ್ಲಿಯೇ ಹೊಸದಾಗಿ ಬರೆಯಬೇಕೆಂಬುದು ನ್ಯಾಯವಾದ ಬೇಡಿಕೆ. ಆದರೆ ಬರೆಯುವ ಮುನ್ನ ಯಾರು ರೋಗಿ ಎಂದು ತೀರ್ಮಾನವಾಗಬೇಕು. ಜೀನುಗಳನ್ನು ಓದುವ ಯಂತ್ರ ಒಂದು ಅಕ್ಷರವನ್ನು ತಪ್ಪಾಗಿ ಓದುವುದು ಬಲು ವಿರಳ. ಯಾರನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕೆಂಬುದನ್ನು ಮಾತ್ರ ಯಂತ್ರ ಹೇಳುವುದಿಲ್ಲ. ಉಸಿರಿನ ರಭಸವನ್ನು ಅಳೆಯುವ ಸ್ಪೈರೋಮೀಟರ್ ಶ್ವಾಸಮಾರ್ಗ ಕಿರಿದಾದುದನ್ನು ತೋರಿಸಬಲ್ಲದು. ಬ್ರಾಂಕೈಟಿಸಿನಲ್ಲಿ ಮುಖ್ಯವಾದ ಕಫವನ್ನು ಅದು ಕಾಣಲಾರದು. 2017ರಲ್ಲಿ ಅಮೆರಿಕದ ಸಂಶೋಧಕರು ದೀರ್ಘಕಾಲಿಕ ಬ್ರಾಂಕೈಟಿಸ್ ಇರುವವರ ಕಫದಲ್ಲಿ ಮ್ಯೂಸಿನ್ ಎಂಬ ಲೋಳೆ-ಪ್ರೋಟೀನಿನ ಸಾಂದ್ರತೆ ಹೆಚ್ಚಿರುವುದನ್ನು ಅಳೆದು ತೋರಿಸಿದರು. ಸ್ವಾಗತಾರ್ಹವಾದ ಕೆಲಸ. ಆದರೂ ಆ ಅಧ್ಯಯನದಲ್ಲಿ ಯಾರಿಗೆ ಬ್ರಾಂಕೈಟಿಸ್ ಇದೆಯೆಂಬುದನ್ನು ಪ್ರಶ್ನಾವಳಿಯಿಂದಲೇ ತಿಳಿಯಬೇಕಾಯಿತು. ಪ್ರಶ್ನೆಯ ಒಂದು ಪದ ಜಾರಿದರೆ ರೋಗಿಯು ನಿರೋಗಿಗಳ ಸಾಲಿಗೂ ನಿರೋಗಿಯು ರೋಗಿಗಳ ಸಾಲಿಗೂ ಸೇರಿಹೋಗುತ್ತಾನೆ. ಸಣ್ಣ ಪಾಲಿನ ಜೀನುಗಳು ಆ ಗೊಂದಲದಲ್ಲಿ ಕಾಣದಾಗುತ್ತವೆ. ಕೆಟ್ಟ ಅನುವಾದದಿಂದ ಕವಿತೆ ಕೆಡುತ್ತದೆಂಬುದನ್ನು ಕನ್ನಡ ವಿಭಾಗಗಳು ಬಲ್ಲವು. ವಂಶವಾಹಿಯ ಶೋಧವೂ ಕೆಡುತ್ತದೆಂಬುದು ಅಲ್ಲಿ ಯಾರ ಪಾಠದಲ್ಲಿಯೂ ಬರುವುದಿಲ್ಲ.

ಭಾರತದಲ್ಲಿ ಇಂಥ ಕೇಳುವಿಕೆ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಆಶ್ರಯದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಹನ್ನೆರಡು ಕೇಂದ್ರಗಳಿಂದ 1,69,575 ಜನರನ್ನು ವಿಚಾರಿಸಲಾಯಿತು. ಆ ಕೇಂದ್ರಗಳಲ್ಲಿ ಕಲ್ಕತ್ತೆಯೂ ಇತ್ತು, ಮೈಸೂರೂ ಇತ್ತು. ಮೂವತ್ತೈದು ದಾಟಿದವರಲ್ಲಿ ಶೇ. 3.49ರಷ್ಟು ಮಂದಿಗೆ ದೀರ್ಘಕಾಲಿಕ ಬ್ರಾಂಕೈಟಿಸ್, ಹದಿನೈದು ದಾಟಿದವರಲ್ಲಿ ಶೇ. 2.05ರಷ್ಟು ಮಂದಿಗೆ ಆಸ್ತಮಾ ಎಂಬುದು ಅದರ ಫಲಿತ. ಒಂದೇ ಪ್ರಶ್ನಾವಳಿಯು ಬಂಗಾಳಿಯಾಗಿ ಹೂಗ್ಲಿಯ ದಡದಲ್ಲಿಯೂ ಕನ್ನಡವಾಗಿ ಕಾವೇರಿಯ ಸೀಮೆಯಲ್ಲಿಯೂ ಮನೆಮನೆಗೆ ಹೋಯಿತು. ದಶಮಾಂಶದ ಎರಡನೆಯ ಸ್ಥಾನದವರೆಗೆ ಬಂದ ಆ ಅಂಕಿಗಳ ಹಿಂದೆ ಎಷ್ಟೋ ಬಾಗಿಲುಗಳಲ್ಲಿ ಕೇಳಿದ ಕನ್ನಡ ವಾಕ್ಯಗಳಿವೆ.

ಆ ವಾಕ್ಯಗಳಲ್ಲಿ ಯಾವ ಪದಗಳಿರಬೇಕು? ‘ದಮ್ಮು’ ಎಂಬುದನ್ನೇ ತೆಗೆದುಕೊಳ್ಳಬಹುದು. ದಮ್ಮು ಹತ್ತಿದೆ ಎಂದರೆ ಬೇನೆ. ದಮ್ಮಿದೆ ಎಂದರೆ ಕಸುವು. ಒಂದು ದಮ್ಮು ಎಳೆದ ಎಂದರೆ ಬೀಡಿಯ ಹೊಗೆ. ರೋಗ, ರೋಗಕ್ಕೆ ಎದುರಾದ ಶಕ್ತಿ, ರೋಗದ ಕಾರಣ, ಈ ಮೂರೂ ಒಂದೇ ಪದದಲ್ಲಿ ಸೇರಿವೆ. ನಿಮಗೆ ದಮ್ಮು ಉಂಟೇ ಎಂದು ಹಮಾಲನೊಬ್ಬನನ್ನು ಕೇಳಿದರೆ ಅವನು ಎದೆಯುಬ್ಬಿಸಿ ಉಂಟು ಎಂದರೂ ಆಶ್ಚರ್ಯವಿಲ್ಲ. ದಕ್ಷಿಣದ ಜಿಲ್ಲೆಗಳ ‘ಉಬ್ಬಸ’, ‘ಗೂರಲು’ಗಳಿಗೆ ಈ ತೊಡಕಿಲ್ಲ, ಬೇರೆ ತೊಡಕಿದೆ. ಅಪ್ಪನಿಗಿತ್ತು ಎಂದೊಡನೆ ಮಗಳ ಮದುವೆಗೆ ಅಡ್ಡಬರುವ ಹೆಸರುಗಳು ಅವು. ಬಾಗಿಲಿಗೆ ಬಂದ ಅಪರಿಚಿತರ ಮುಂದೆ ಯಾರೂ ಒಪ್ಪಿಕೊಳ್ಳುವುದಿಲ್ಲ. ಏದುಸಿರು, ತೇಕು, ಮೇಲುಸಿರು ಎಂಬವು ದಣಿವಿಗೂ ಸಲ್ಲುತ್ತವೆ, ರೋಗಕ್ಕೂ ಸಲ್ಲುತ್ತವೆ.

‘ಕಫ’ದ ಕಥೆ ಇನ್ನೂ ಜಟಿಲ. ಆಯುರ್ವೇದದಲ್ಲಿ ಕಫವು ತ್ರಿದೋಷಗಳಲ್ಲಿ ಒಂದು. ಅದು ದೇಹದ ಪ್ರಕೃತಿ. ಚರಕನು ಕಾಸವನ್ನು ಐದು, ಶ್ವಾಸವನ್ನು ಐದು ಬಗೆಯಾಗಿ ವಿಂಗಡಿಸಿದ್ದಾನೆ. ಕನ್ನಡದಲ್ಲಿಯೂ ಈ ಪರಂಪರೆ ಹಳೆಯದು. ಪೂಜ್ಯಪಾದನ ‘ಕಲ್ಯಾಣಕಾರಕ’ವನ್ನು ಜಗದ್ದಳ ಸೋಮನಾಥ ಕನ್ನಡಕ್ಕೆ ತಂದದ್ದನ್ನು ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಆ ಪರಂಪರೆಯ ಉಳಿಕೆಯಾಗಿ ಇಂದಿಗೂ ‘ನನ್ನದು ಕಫದ ಶರೀರ’ ಎನ್ನುವವರಿದ್ದಾರೆ. ಅವರನ್ನು ಕಫವಿದೆಯೇ ಎಂದು ಕೇಳಿದರೆ ಅವರು ಪ್ರಕೃತಿಯನ್ನು ಕುರಿತು ಹೌದೆನ್ನುತ್ತಾರೆ. ಬರೆದುಕೊಳ್ಳುವವರು ಎದೆಯ ಲೋಳೆಯನ್ನು ಕುರಿತು ಹೌದೆಂದು ಗುರುತು ಹಾಕುತ್ತಾರೆ. ಇನ್ನು ಹೆಂಗಸರು. ನಾಲ್ಕು ಜನರ ಎದುರು ಉಗುಳುವುದು ಅವರಿಗೆ ಮರ್ಯಾದೆಯಲ್ಲ, ಬಂದದ್ದನ್ನು ನುಂಗುತ್ತಾರೆ. ಕಫ ಉಗುಳುತ್ತೀರಾ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ನಿಜವೇ, ಆದರೆ ಬೇಕಾದ ಉತ್ತರವಲ್ಲ. ಒಲೆಯ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿದವರು ಹೀಗೆ ಎಣಿಕೆಯಿಂದ ಜಾರಿಹೋಗುತ್ತಾರೆ.

ಎದೆಯ ಸದ್ದಿನ ಪ್ರಶ್ನೆಯು ವ್ಯಾಕರಣದ ಪಾಠಕ್ಕೆ ಇನ್ನೂ ಹತ್ತಿರದ್ದು. ಕಿರಿದಾದ ನಾಳದಲ್ಲಿ ಗಾಳಿ ಹಾಯುವಾಗ ಹುಟ್ಟುವ ಸಿಳ್ಳಿನಂಥ ಸಣ್ಣ ದನಿ ಆಸ್ತಮಾದ ಕಡೆಗೂ, ದೊಡ್ಡ ನಾಳದಲ್ಲಿ ಲೋಳೆ ಅಲುಗಾಡುವ ಗೊರಗೊರ ಸದ್ದು ಬ್ರಾಂಕೈಟಿಸಿನ ಕಡೆಗೂ ಬೆರಳು ತೋರುತ್ತವೆ. ಮಕ್ಕಳ ಆಸ್ತಮಾವನ್ನು ಕುರಿತು 1990ರ ದಶಕದಲ್ಲಿ ಹಲವು ದೇಶಗಳಲ್ಲಿ ನಡೆದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ಈ ಸಿಳ್ಳಿನ ದನಿಗೆ ಎಷ್ಟೋ ಭಾಷೆಗಳಲ್ಲಿ ಸಮಾನಪದ ಸಿಕ್ಕದೆ, ಉಬ್ಬಸಪಡುವವರ ವಿಡಿಯೋ ಚಿತ್ರಗಳನ್ನೇ ತೋರಿಸಿ ನಿಮಗೂ ಹೀಗಾಗುತ್ತದೆಯೇ ಎಂದು ಕೇಳಬೇಕಾಯಿತು. ಕನ್ನಡವು ಆ ಮಟ್ಟಿಗೆ ಬಡಭಾಷೆಯಲ್ಲ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅನುಕರಣ ಶಬ್ದಗಳಿಗೆ ಅವ್ಯಯಗಳ ನಡುವೆ ಜಾಗ ಕೊಟ್ಟವನು. ಗೊರಗೊರ, ಸುಂಯ್‌ಸುಂಯ್, ಕೀಂಯ್, ಗೊರ್ ಎಂಬ ಹಳ್ಳಿಯ ತಾಯಂದಿರ ದನಿಗಳು ಸ್ಟೆತಾಸ್ಕೋಪಿನ ವರ್ಗೀಕರಣಕ್ಕೆ ತೀರ ದೂರವಿಲ್ಲ. ಯಾವ ಸೀಮೆಯಲ್ಲಿ ಯಾವ ಅನುಕರಣ ಶಬ್ದ ಯಾವ ಸದ್ದಿಗೆ ಸಲ್ಲುತ್ತದೆ ಎಂಬ ನಕ್ಷೆಯೊಂದಿದ್ದರೆ ಅದು ಭಾಷಾವಿಜ್ಞಾನಕ್ಕೂ ವೈದ್ಯಕ್ಕೂ ಒದಗುತ್ತಿತ್ತು. ಸ್ವರವ್ಯಂಜನಗಳ ಪಟ್ಟಿ ಮಾಡಿ ಮುಗಿಸಿದ ಉಪಭಾಷಾ ಪ್ರಬಂಧಗಳು ಗ್ರಂಥಾಲಯಗಳಲ್ಲಿ ಸಾಕಷ್ಟಿವೆ. ಕೆಮ್ಮಿನ ಪದಗಳನ್ನು ಕೇಳಿ ಬರೆದುಕೊಳ್ಳಲು ಹಳ್ಳಿಗೆ ಹೋಗುವುದು ಅವುಗಳಿಗಿಂತ ಕಡಮೆ ವಿದ್ವತ್ತಿನ ಕೆಲಸವೇನಲ್ಲ.

ಮೈಸೂರಿನ ಕೆಲಸವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಅಲ್ಲಿಯ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಪಿ.ಎ. ಮಹೇಶ್ ಮತ್ತು ಸಂಗಡಿಗರು ಗ್ರಾಮೀಣ ಮಹಿಳೆಯರಲ್ಲಿ ಒಲೆಯ ಹೊಗೆಗೂ ದೀರ್ಘಕಾಲಿಕ ಬ್ರಾಂಕೈಟಿಸಿಗೂ ಇರುವ ಸಂಬಂಧವನ್ನು ಪರಿಶೀಲಿಸಿ 2013ರಲ್ಲಿ ಒಂದು ಮಿತಿಯನ್ನು ಸೂಚಿಸಿದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿದರೆ ಬರುವ ಅಂಕಿಯೇ ಹೊಗೆಯ ಸೂಚ್ಯಂಕ. ಅದು 60ನ್ನು ಮುಟ್ಟಿದಲ್ಲಿಂದ ಅಪಾಯ ಎದ್ದುಕಾಣುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದವಳು ಆ ಗಡಿಯಲ್ಲಿದ್ದಾಳೆ. ಹದಿನಾರಕ್ಕೆ ಒಲೆ ಹಿಡಿದರೆ ಮೂವತ್ತಾರಕ್ಕೆ. ಇಷ್ಟು ಸರಳವಾದ, ಇಷ್ಟು ಭಯ ಹುಟ್ಟಿಸುವ ಲೆಕ್ಕ ಮತ್ತೊಂದು ಸಿಕ್ಕುವುದು ಕಷ್ಟ. ಇದೂ ಕೇಳಿ ಪಡೆದ ಲೆಕ್ಕವೇ. ಹೊತ್ತನ್ನು ಗಡಿಯಾರದಿಂದ ಅಳೆಯದೆ, ಮುದ್ದೆಗೆ ಎಸರಿಟ್ಟು ಸಾರು ಇಳಿಸುವವರೆಗೆ ಎಂದು ಅಳೆಯುವವಳಿಂದ ಗಂಟೆಗಳನ್ನು ಹೊರಡಿಸುವುದಕ್ಕೆ ಒಲೆಯ ಭಾಷೆಯನ್ನು ಬಲ್ಲವರೇ ಬೇಕು.

ಕಲ್ಕತ್ತೆಗೆ ಮರಳಬೇಕಾದದ್ದು ಇಲ್ಲಿ. ಖಿದಿರ್‌ಪುರದಿಂದ ಬಹುದೂರವಲ್ಲದ ಹಾಜ್ರಾದಲ್ಲಿ ಚಿತ್ತರಂಜನ್ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಿದೆ. ಅದರ ಆಸ್ಪತ್ರೆಯನ್ನು 1950ರ ಜನವರಿಯಲ್ಲಿ ಉದ್ಘಾಟಿಸಿದವರು ಐರೀನ್ ಜೋಲಿಯೋ-ಕ್ಯೂರಿ. ಅಲ್ಲಿಯ ಮಾನಸ್ ರಂಜನ್ ರೇ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಸೌದೆ, ಬೆರಣಿಗಳಿಂದ ಅಡುಗೆ ಮಾಡುವ ಹೆಂಗಸರನ್ನೂ ಅನಿಲದ ಒಲೆಯುಳ್ಳವರನ್ನೂ ಹೋಲಿಸುತ್ತ ಬಂದರು. ಕಫದಲ್ಲಿ ಉರಿಯೂತದ ಕಣಗಳೆಷ್ಟು, ರಕ್ತದಲ್ಲಿ ಆಕ್ಸಿಡೀಕರಣದ ಒತ್ತಡವೆಷ್ಟು ಎಂದು ಅಳೆದರು. 2010ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನದ ಪ್ರಕಾರ ಹೊಗೆಯಲ್ಲಿ ಬದುಕುವವರ ಜೀವಕೋಶಗಳಲ್ಲಿ ಡಿ.ಎನ್.ಎ.ಗೆ ಆದ ಪೆಟ್ಟು ಹೆಚ್ಚು. ಅದನ್ನು ದುರಸ್ತಿಮಾಡುವ ದೇಹದ ಏರ್ಪಾಡೂ ಚುರುಕಾಗಿತ್ತು.

ಈ ಫಲಿತವನ್ನು ಕನ್ನಡದಲ್ಲಿ ಹೇಳುವುದು ಹೇಗೆ? ರೂಢಿಯಂತೆ ಹೇಳಿದರೆ ‘ಒಲೆಯ ಹೊಗೆಯಿಂದ ಮಹಿಳೆಯರ ವಂಶವಾಹಿಗೆ ಹಾನಿ’ ಎಂದಾಗುತ್ತದೆ. ಓದಿದವರಿಗೆ ಹೊಳೆಯುವ ಅರ್ಥ ಒಂದೇ: ಹಾನಿಯು ವಂಶಕ್ಕೆ ಇಳಿಯುತ್ತದೆ, ಮಕ್ಕಳಿಗೂ ತಟ್ಟುತ್ತದೆ. ಸಂಶೋಧನೆ ಹೇಳಿದ್ದು ಅದನ್ನಲ್ಲ. ಅಡುಗೆಯವಳ ಮೈಯ ಕೋಶಗಳಲ್ಲಿ, ಅವಳ ಆಯುಷ್ಯದಲ್ಲಿ ಆದ ಪೆಟ್ಟು ಅದು. ವಂಶಕ್ಕೂ ಅದಕ್ಕೂ ಸಂಬಂಧವನ್ನು ಆ ಲೇಖನ ಕಲ್ಪಿಸಿಲ್ಲ. ವಂಶವಾಹಿ ಎಂಬ ಪದವನ್ನು ಕಟ್ಟಿದವರು ಆ ಹೊತ್ತಿನ ತಿಳಿವಳಿಕೆಗೆ ತಕ್ಕಂತೆ ಕಟ್ಟಿದರು. ಅಂದು ಜೀನು ಎಂದರೆ ತಂದೆತಾಯಿಯಿಂದ ಬರುವ ಗುಣಗಳ ವಾಹಕವೇ ಆಗಿತ್ತು. ಇಂದು ಪ್ರತಿಯೊಂದು ಕೋಶದಲ್ಲಿ ಪ್ರತಿಕ್ಷಣ ಕೆಲಸ ಮಾಡುವ, ಹೊಗೆ ತಾಕಿದರೆ ಹೆಚ್ಚುವ ಕುಗ್ಗುವ, ಪೆಟ್ಟು ತಿನ್ನುವ ವಸ್ತುವೆಂದೂ ಅದನ್ನು ತಿಳಿಯಬೇಕಾಗಿದೆ. ವಂಶವೆಂಬ ಮಾತು ಕುಲ, ಸಂಬಂಧ, ಹಣೆಬರಹಗಳನ್ನೆಲ್ಲ ಎಳೆದುತರುವ ಸಮಾಜದಲ್ಲಿ ಈ ಪದ ಒಲೆಯ ತಪ್ಪನ್ನು ಒಲೆ ಹಿಡಿದವಳ ತವರಿನ ಮೇಲೆ ಹೊರಿಸುತ್ತದೆ. ‘ಜೀನು’ ಎಂಬ ಎರವಲು ಪದವು ಕಿವಿಗೆ ಬರಡೆನಿಸಬಹುದು. ಕುದುರೆಯ ಬೆನ್ನಿನ ಜೀನು ನೆನಪಾಗುತ್ತದೆಂದು ನಗುವವರೂ ಇದ್ದಾರೆ. ನಗಲಿ, ಕುದುರೆಯ ಜೀನಿನಿಂದ ಯಾವ ಹುಡುಗಿಯ ಮದುವೆಯೂ ನಿಂತಿಲ್ಲ. ಆನುವಂಶಿಕತೆಯನ್ನು ಹೇಳುವಾಗ ವಂಶವಾಹಿಯನ್ನು ಉಳಿಸಿಕೊಂಡು, ಕೋಶದ ಕೆಲಸವನ್ನು ಹೇಳುವಾಗ ಜೀನು ಎನ್ನುವುದೇ ಮೇಲು.

ಇದಿಷ್ಟನ್ನೂ ಕೇಳಿದವರು ಒಂದು ಆಕ್ಷೇಪವನ್ನು ಎತ್ತಬಹುದು: ಹೊಗೆಯನ್ನು ನಿಲ್ಲಿಸಿದರೆ ಸಾಲದೇ, ಜೀನಿನ ಗೊಡವೆಯೂ ಪದಗಳ ಗೊಡವೆಯೂ ಏತಕ್ಕೆ? ಆಕ್ಷೇಪ ಹಗುರವಾದುದಲ್ಲ. ಖಿದಿರ್‌ಪುರದಂತೆಯೇ 1980ರ ದಶಕದಲ್ಲಿ ಇನ್ನೊಂದು ಬಂದರು, ಸ್ಪೇನಿನ ಬಾರ್ಸಿಲೋನಾ, ಉಸಿರಿಗಾಗಿ ಒದ್ದಾಡಿತು. 1981ರಿಂದ 1987ರವರೆಗೆ ಹಲವಾರು ಬಾರಿ ಅಲ್ಲಿಯ ಆಸ್ಪತ್ರೆಗಳಿಗೆ ಒಂದೇ ದಿನ ಗುಂಪುಗುಂಪಾಗಿ ಆಸ್ತಮಾ ಕೆರಳಿದವರು ಬಂದು ಬಿದ್ದರು. ಹವಾಮಾನ, ಪರಾಗ, ಕಾರ್ಖಾನೆ ಎಂದು ಹುಡುಕಿ ಬೇಸತ್ತ ಮೇಲೆ ಆಂತೋ, ಸುನ್ಯೇರ್ ಮತ್ತು ಸಂಗಡಿಗರು ಆ ದಿನಗಳನ್ನು ಬಂದರಿನ ದಾಖಲೆಗಳೊಡನೆ ತಾಳೆನೋಡಿದರು. ಹಡಗಿನಿಂದ ಸೋಯಾ ಅವರೆ ಇಳಿಸಿದ ದಿನಗಳೇ ಅವು. ದೂಳನ್ನು ತಡೆಯುವ ಸೋಸುಚೀಲಗಳು ಕಣಜವೊಂದಕ್ಕೆ ಇರಲಿಲ್ಲ. ಹಾಕಿದರು, ಪಿಡುಗು ನಿಂತಿತು. ಯಾರ ಜೀನನ್ನೂ ಬದಲಿಸಬೇಕಾಗಲಿಲ್ಲ.

ಇದು ಜೀನುಗಳ ಶೋಧವನ್ನು ಅತಿಯಾಗಿ ಹೊಗಳುವವರಿಗೆ ತಕ್ಕ ಉತ್ತರ. ಖಿದಿರ್‌ಪುರದ ಲಾರಿಗಳ ಹೊಗೆಗೂ ಹಳ್ಳಿಯ ಒಲೆಗೂ ಮೊದಲ ಚಿಕಿತ್ಸೆ ಪ್ರಯೋಗಶಾಲೆಯಲ್ಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಬಾರ್ಸಿಲೋನಾದ ಕಥೆಗೆ ಇನ್ನೊಂದು ಮಗ್ಗುಲಿದೆ. ಅದೇ ದೂಳನ್ನು ಉಸಿರಾಡಿದ ಲಕ್ಷಾಂತರ ಜನರಲ್ಲಿ ಆಸ್ಪತ್ರೆಗೆ ಬಂದವರು ಕೆಲವರೇ. ಅವರ ರಕ್ತದಲ್ಲಿ ಸೋಯಾ ವಿರುದ್ಧದ ಪ್ರತಿಕಾಯಗಳಿದ್ದವು. ಒಂದೇ ಒಲೆಯ ಮುಂದೆ ಕುಳಿತ ಇಬ್ಬರು ಓರಗಿತ್ತಿಯರಲ್ಲಿ ಒಬ್ಬಳ ಎದೆ ಗಟ್ಟಿಯಾಗಿರುವುದೇಕೆ, ಇನ್ನೊಬ್ಬಳದು ಗೊರಗುಟ್ಟುವುದೇಕೆ ಎಂಬುದು ಆಡಂಬರದ ಪ್ರಶ್ನೆಯಲ್ಲ. ಹೊಗೆ ನಿಂತ ಮೇಲೂ ಆಗಲೇ ಕೆಟ್ಟ ಎದೆಗಳು ಉಳಿಯುತ್ತವೆ. ಅವಕ್ಕೆ ಔಷಧಿಯನ್ನು ಹುಡುಕುವುದು ಈ ಪ್ರಶ್ನೆಯ ದಾರಿಯಿಂದಲೇ.

ಆ ದಾರಿಗೆ ಈಗ ಹೊಸ ಅವಕಾಶವೂ ಒದಗಿದೆ. 2020ರಲ್ಲಿ ಮೊದಲಾದ ಜೀನೋಮ್ ಇಂಡಿಯಾ ಯೋಜನೆಯು 83 ಜನಸಮುದಾಯಗಳಿಂದ ಹತ್ತು ಸಾವಿರ ಮಂದಿಯ ಜೀನುಗಳ ಪೂರ್ಣ ಪಾಠವನ್ನು ಓದುವ ಸಂಕಲ್ಪದಿಂದ ಹೊರಟು, 2025ರ ಜನವರಿಯಲ್ಲಿ ತನ್ನ ದತ್ತಾಂಶವನ್ನು ಸಂಶೋಧಕರಿಗೆ ತೆರೆಯಿತು. ಅದನ್ನು ಮುನ್ನಡೆಸಿದ ಮಿದುಳು ಸಂಶೋಧನ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ಪಾಲುಗೊಂಡ ಸಂಸ್ಥೆಗಳಲ್ಲಿ ಕಲ್ಕತ್ತೆಗೆ ಸಮೀಪದ ಕಲ್ಯಾಣಿಯ ರಾಷ್ಟ್ರೀಯ ಜೈವಿಕ ವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆಯೂ ಒಂದು. ಇದು ರೋಗಿಗಳ ಪಟ್ಟಿಯಲ್ಲ. ಹೋಲಿಕೆಗೆ ಬೇಕಾದ ಮೂಲಪಾಠ ಮಾತ್ರ. ಹಸ್ತಪ್ರತಿಗಳನ್ನು ಪರಿಷ್ಕರಿಸುವವರಿಗೆ ಮೂಲಪಾಠದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಮುಂದೆ ಶ್ವಾಸನಾಳದ ಬೇನೆಯುಳ್ಳವರನ್ನು ಈ ಮೂಲಪಾಠದೊಡನೆ ಹೋಲಿಸುವ ದಿನ ಬಂದಾಗ, ಬೀದರಿನಿಂದ ಕಾಸರಗೋಡಿನವರೆಗೆ ಮನೆಮನೆಯ ಬಾಗಿಲಲ್ಲಿ ಮತ್ತೆ ಕನ್ನಡ ವಾಕ್ಯಗಳನ್ನು ಕೇಳಬೇಕಾಗುತ್ತದೆ.

ಅವನ್ನು ಯಾರು ಬರೆಯುವರು? 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಂದಿನಿಂದ ಕನ್ನಡದ ವಿಜ್ಞಾನಸಾಹಿತ್ಯದ ಬಹುದೊಡ್ಡ ಕಾಳಜಿ ವಿದ್ವಾಂಸರ ಇಂಗ್ಲಿಷನ್ನು ಜನರ ಕನ್ನಡಕ್ಕೆ ತರುವುದಾಗಿತ್ತು. ಕಲ್ಕತ್ತೆಯಲ್ಲಿ ಸತ್ಯೇಂದ್ರನಾಥ ಬೋಸರು 1948ರಲ್ಲಿ ಬಂಗೀಯ ವಿಜ್ಞಾನ ಪರಿಷತ್ತನ್ನು ಕಟ್ಟಿದಾಗಲೂ ಗುರಿ ಅದೇ. ಅದರ ವಿರುದ್ಧ ದಿಕ್ಕಿನ ಕೆಲಸ, ಎಂದರೆ ಬೇನೆಯವರ ಕನ್ನಡವನ್ನು ವಿದ್ವಾಂಸರಿಗೆ ಮುಟ್ಟಿಸುವುದು, ಅಷ್ಟಾಗಿ ನಡೆದಿಲ್ಲ. ಕುಂಬಾರ, ಕಮ್ಮಾರ, ನೇಕಾರರ ವೃತ್ತಿಪದಗಳನ್ನು ಸಂಗ್ರಹಿಸಿದ ಶ್ರಮಕ್ಕೆ ತಕ್ಕ ಗೌರವ ಸಂದಿದೆ. ಅವರ ಕೆಮ್ಮಿನ ಪದಗಳು ಕುಲುಮೆಯ ಬಳಿಯಲ್ಲಿಯೇ ಉಳಿದಿವೆ.

ಇಂಗ್ಲೆಂಡಿನ ಪ್ರಶ್ನಾವಳಿಯು ವರ್ಷದಲ್ಲಿ ಮೂರು ತಿಂಗಳು ಎಂದು ಕೇಳುತ್ತದೆ. ತಿಂಗಳ ಲೆಕ್ಕವಿಡದ ಮುದುಕಿಯನ್ನು ಹಾಗೆ ಕೇಳಿದರೆ ಅವಳು ಬಾಯಿಗೆ ಬಂದ ಸಂಖ್ಯೆಯನ್ನು ಹೇಳುತ್ತಾಳೆ. ಮಳೆಯ ನಕ್ಷತ್ರಗಳು ಅವಳಿಗೆ ಗೊತ್ತು. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ ಎಂದು ಏಳು ಮಳೆ ಕಳೆದರೆ ಮೂರು ತಿಂಗಳು ತುಂಬುತ್ತದೆ. ಮೃಗಶಿರದಲ್ಲಿ ಹತ್ತಿದ ಕೆಮ್ಮು ಹುಬ್ಬೆ ಮಳೆ ಮುಗಿದರೂ ಬಿಡಲಿಲ್ಲವೇ ಅಜ್ಜಿ, ಹಿಂದಿನ ವರ್ಷವೂ ಹೀಗೇ ಇತ್ತೇ, ಬಂದದ್ದನ್ನು ಉಗುಳುತ್ತಿದ್ದಿರೋ ನುಂಗುತ್ತಿದ್ದಿರೋ ಎಂದು ಕೇಳಿದರೆ ಆಕೆ ಸ್ವಲ್ಪ ಹೊತ್ತು ಯೋಚಿಸಿ ಸರಿಯಾದ ಉತ್ತರವನ್ನೇ ಕೊಡುತ್ತಾಳೆ.